ಕೆಂಪು ಮುಗಿಲಿನ ಮೇಲೊಂದು ಸಾಲು

ನಾರ್ವೆ ದೇಶದ ರಾಜಧಾನಿಯಾದ ಓಸ್ಲೋ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಒಂದು ಚಿತ್ರವಿದೆ. ಎತ್ತರ ಮೂರು ಅಡಿ. ಅಗಲ ಎರಡೂವರೆ ಅಡಿಗೂ ಕಡಮೆ. ಬಟ್ಟೆಯ ಮೇಲೆ ಬರೆದದ್ದೂ ಅಲ್ಲ, ಸಾಧಾರಣ ರಟ್ಟಿನ ಮೇಲೆ ಬರೆದದ್ದು. ಕಟಕಟೆಯಿರುವ ಒಂದು ಹಾದಿ. ಆ ಹಾದಿಯಲ್ಲಿ ಎರಡೂ ಕೈಗಳನ್ನು ಕಿವಿಗಳಿಗೆ ಒತ್ತಿಕೊಂಡು, ಬಾಯಿ ತೆರೆದು ನಿಂತ, ತಲೆಬುರುಡೆಯಂಥ ಮುಖದ ಒಂದು ಆಕೃತಿ. ದೂರದಲ್ಲಿ ತಮ್ಮ ಪಾಡಿಗೆ ತಾವು ನಡೆಯುತ್ತಿರುವ ಇಬ್ಬರು. ಕೆಳಗೆ ಕಡುನೀಲಿಯ ಕೊಲ್ಲಿ. ಮೇಲೆ ನೆತ್ತರಿನ ಅಲೆಗಳಂತೆ ಹೊರಳುವ ಆಕಾಶ. ಎಡ್ವರ್ಡ್ ಮುಂಕ್ ಎಂಬ ಚಿತ್ರಕಾರನು 1893ರಲ್ಲಿ ಬರೆದ ಈ ಚಿತ್ರಕ್ಕೆ ಕನ್ನಡದಲ್ಲಿ ‘ಚೀತ್ಕಾರ’ ಎಂದು ಹೆಸರಿಡಬಹುದು. ಅಚ್ಚಿನಲ್ಲಿಯಾದರೂ ಇದನ್ನು ಕಾಣದ ವಿದ್ಯಾವಂತರು ಇಂದು ವಿರಳ.

ಆದರೆ ಅಚ್ಚಿನಲ್ಲಿ ಕಾಣದ ಒಂದು ವಸ್ತು ಆ ಚಿತ್ರದಲ್ಲಿದೆ. ಎಡಭಾಗದ ಮೇಲ್ತುದಿಯಲ್ಲಿ, ಕೆಂಪು ಮುಗಿಲಿನ ನಡುವೆ, ಪೆನ್ಸಿಲಿನಿಂದ ಗೀಚಿದ ಒಂದು ಸಣ್ಣ ಸಾಲು. ಅದರ ಅರ್ಥ ಇಷ್ಟು: ಹುಚ್ಚನಾದವನು ಮಾತ್ರವೇ ಇಂಥದನ್ನು ಬರೆದಿರಲು ಸಾಧ್ಯ. 1904ರಲ್ಲಿ ಚಿತ್ರವು ಕೋಪನ್‌ಹೇಗನ್ನಿನಲ್ಲಿ ಪ್ರದರ್ಶಿತವಾದಾಗ ಡೆನ್ಮಾರ್ಕಿನ ಟೀಕಾಕಾರನೊಬ್ಬನು ಈ ಸಾಲನ್ನು ಗಮನಿಸಿ, ಸಿಟ್ಟಿಗೆದ್ದ ಯಾರೋ ಪ್ರೇಕ್ಷಕನ ಕೆಲಸವಿರಬೇಕೆಂದು ಭಾವಿಸಿದನು. ಆ ಮಾತು ಸಹಜವಾಗಿಯೇ ತೋರಿತು. ಮುಂಕನ ಚಿತ್ರಗಳೆದುರು ಹಾಗೆ ಅಂದುಕೊಂಡವರು ಸಾವಿರಾರು ಮಂದಿ. ಒಬ್ಬನು ಬರೆದೂ ಇಟ್ಟಿದ್ದರೆ ಆಶ್ಚರ್ಯವೇನು? ಆ ಸಾಲು ಯಾರದೆಂಬುದು ಖಚಿತವಾಗಲು ನೂರಕ್ಕೂ ಹೆಚ್ಚು ವರ್ಷಗಳು ಹಿಡಿದುವು. ಉತ್ತರವನ್ನು ಹೇಳುವ ಮೊದಲು, ಈ ‘ಹುಚ್ಚು’ ಎಂಬ ಮಾತು ಅವನ ಕಲೆಯ ವಿಷಯದಲ್ಲಿ ಎಷ್ಟರ ಮಟ್ಟಿಗೆ ಸಲ್ಲುತ್ತದೆಂಬುದನ್ನು ವಿಚಾರಿಸುವುದು ಯುಕ್ತ.

ಮುಂಕ್ ಹುಟ್ಟಿದ್ದು 1863ರ ಡಿಸೆಂಬರ್ 12ರಂದು, ಲೋಟೆನ್ ಎಂಬ ಹಳ್ಳಿಯಲ್ಲಿ. ತಂದೆ ಕ್ರಿಸ್ಟಿಯಾನ್ ಮುಂಕ್ ಸೈನ್ಯದ ವೈದ್ಯ. ದೈವಭೀರು, ಬಹಳ ಮಟ್ಟಿಗೆ ದೈವಭೀತ ಎಂದರೂ ಸರಿಯೇ. ಮಗು ಒಂದು ವರ್ಷದ್ದಾಗುವಷ್ಟರಲ್ಲಿ ಸಂಸಾರ ರಾಜಧಾನಿಗೆ ಬಂದು ನೆಲಸಿತು. ಆ ನಗರಕ್ಕೆ ಆಗ ಕ್ರಿಸ್ಟಿಯಾನಿಯಾ ಎಂದು ಹೆಸರು; ಓಸ್ಲೋ ಎಂಬ ಹೆಸರು ಮರಳಿ ಬಂದದ್ದು 1925ರಲ್ಲಿ. 1868ರಲ್ಲಿ ತಾಯಿ ಕ್ಷಯರೋಗದಿಂದ ತೀರಿಕೊಂಡಳು. ಹುಡುಗನಿಗೆ ಐದು ವರ್ಷ. ತಾಯಿಯ ತಂಗಿ ಕಾರೆನ್ ಮನೆಗೆ ಬಂದು ಐದು ಮಕ್ಕಳನ್ನೂ ಸಾಕಿದಳು. 1877ರಲ್ಲಿ ಅದೇ ಕ್ಷಯ ಅಕ್ಕ ಸೋಫಿಯನ್ನು ಒಯ್ದಿತು. ಅವಳಿಗೆ ಹದಿನೈದು, ಅವನಿಗೆ ಹದಿಮೂರು. ತಂಗಿ ಲಾರಾ ಎಳೆಯ ವಯಸ್ಸಿನಲ್ಲಿಯೇ ಮನೋರೋಗಕ್ಕೆ ಸಿಕ್ಕಿ ಆಸ್ಪತ್ರೆ ಸೇರಬೇಕಾಯಿತು. ರೋಗ, ಉನ್ಮಾದ, ಸಾವು ಈ ಮೂರೂ ತನ್ನ ತೊಟ್ಟಿಲನ್ನು ಕಾದ ದೇವತೆಗಳೆಂದು ಮುಂಕನೇ ಮುಂದೆ ಬರೆದಿಟ್ಟುಕೊಂಡಿದ್ದಾನೆ.

ಇಷ್ಟನ್ನು ಓದಿದ ಕೂಡಲೇ ನಮ್ಮ ಮನಸ್ಸು ಒಂದು ಸುಲಭವಾದ ಸಮೀಕರಣವನ್ನು ಮಾಡಿಬಿಡುತ್ತದೆ: ದುಃಖದ ಬಾಲ್ಯ, ಕೆಟ್ಟ ಮನಸ್ಸು, ವಿಕಾರವಾದ ಚಿತ್ರ. ಆದರೆ ದುಃಖವುಂಡವರೆಲ್ಲ ಚಿತ್ರಕಾರರಾಗುವುದಿಲ್ಲ. ಹಿಂದಿನ ಶತಮಾನಗಳಲ್ಲಿ ಕ್ಷಯ ನುಗ್ಗದ ಬೀದಿ ಯೂರೋಪಿನ ಯಾವ ನಗರದಲ್ಲಿತ್ತು? ಆ ನೆನಪುಗಳನ್ನು ಮುಂಕ್ ಏನು ಮಾಡಿದನೆಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಅವನ ಮೊದಲ ದೊಡ್ಡ ಕೃತಿ ‘ರೋಗಿಷ್ಠ ಬಾಲಕಿ’. 1885ರಲ್ಲಿ ಆರಂಭಿಸಿ ಮರುವರ್ಷ ಮುಗಿಸಿದ್ದು. ದಿಂಬಿಗೆ ಒರಗಿದ ಕೆಂಗೂದಲ ಹುಡುಗಿ, ಅವಳ ಪಕ್ಕದಲ್ಲಿ ತಲೆ ಬಾಗಿಸಿ ಕುಳಿತ ಹೆಂಗಸು, ಇಬ್ಬರ ಕೈಗಳೂ ಸೇರಿದ ಕಡೆ ಬಣ್ಣವೇ ಕಲಸಿಹೋದ ಹಾಗಿದೆ. ಅಕ್ಕ ಸತ್ತು ಎಂಟು ವರ್ಷಗಳಾಗಿದ್ದುವು. ಬೇರೊಬ್ಬ ಹುಡುಗಿಯನ್ನೂ ಚಿಕ್ಕಮ್ಮ ಕಾರೆನ್‌ಳನ್ನೂ ಎದುರಿಗೆ ಕೂರಿಸಿಕೊಂಡು ಅವನು ಬರೆಯತೊಡಗಿದನು. ಆದರೆ ಎದುರಿಗೆ ಕಂಡದ್ದು ಅವನಿಗೆ ಬೇಕಾಗಿರಲಿಲ್ಲ. ಅಂದು ಮಂಚದ ಬಳಿ ನಿಂತ ಹುಡುಗನ ಕಣ್ಣಿಗೆ ಬಿದ್ದದ್ದು ಬೇಕಾಗಿತ್ತು. ಬರೆದನು, ಕೆರೆದು ತೆಗೆದನು, ತೆಳುವಾದ ಬಣ್ಣವನ್ನು ಹರಿಯಬಿಟ್ಟನು, ಮತ್ತೆ ಕೆರೆದನು. ಆ ಗೀರುಗಳು ಈಗಲೂ ಚಿತ್ರದ ಮೇಲೆ ಕಾಣುತ್ತವೆ. 1886ರ ಶರತ್ಕಾಲದ ಪ್ರದರ್ಶನದಲ್ಲಿ ಅದನ್ನಿಟ್ಟಾಗ ಜನ ನಕ್ಕರು; ಪತ್ರಿಕೆಗಳು ಅದು ಮುಗಿಯದ ಕೆಲಸವೆಂದು ಹಳಿದುವು. ಅದೇ ವಿಷಯವನ್ನು ಮುಂಕ್ ನಲವತ್ತು ವರ್ಷಗಳ ಅವಧಿಯಲ್ಲಿ ಒಟ್ಟು ಆರು ಸಲ ವರ್ಣಚಿತ್ರವಾಗಿ ಬರೆದನು, ಕಲ್ಲಚ್ಚಿನಲ್ಲಿಯೂ ತಂದನು. ಉನ್ಮಾದದ ಆವೇಗದಲ್ಲಿ ಒಂದು ಚಿತ್ರ ಹುಟ್ಟಬಹುದು. ನಲವತ್ತು ವರ್ಷ ಬಿಡದೆ ಒಂದೇ ಕೋಣೆಗೆ ಮರಳಿ ಹೋಗಿ, ಪ್ರತಿಸಲವೂ ಬಣ್ಣವನ್ನು ಬದಲಿಸಿ ನೋಡುವುದಕ್ಕೆ ಬೇಕಾದದ್ದು ಬೇರೆಯೇ ಒಂದು ಶಕ್ತಿ. ನಾವು ಅದನ್ನು ಅಭ್ಯಾಸ ಎನ್ನುತ್ತೇವೆ. ಸಾಧನೆ ಎಂದರೂ ತಪ್ಪಿಲ್ಲ.

1889ರಲ್ಲಿ ಸರಕಾರದ ವಿದ್ಯಾರ್ಥಿವೇತನ ದೊರೆತು ಮುಂಕ್ ಪ್ಯಾರಿಸ್ಸಿಗೆ ಹೋದನು. ಹೋದ ಕೆಲವೇ ವಾರಗಳಲ್ಲಿ ತಂದೆ ತೀರಿಕೊಂಡ ಸುದ್ದಿ ಬಂತು. ಆ ಚಳಿಗಾಲವನ್ನು ಅವನು ಸೇಂ ಕ್ಲೂ ಎಂಬ ಉಪನಗರದ ಬಾಡಿಗೆಯ ಕೋಣೆಯಲ್ಲಿ ಕಳೆದನು. ಆಗಿನ ಅವನ ಟಿಪ್ಪಣಿಗಳು ಕಲೆಯ ಇತಿಹಾಸದಲ್ಲಿ ಪ್ರಸಿದ್ಧವಾಗಿವೆ. ಕೋಣೆಯೊಳಗೆ ಪುಸ್ತಕ ಓದುವ ಗಂಡಸರನ್ನೂ ಉಣ್ಣೆ ಹೆಣೆಯುವ ಹೆಂಗಸರನ್ನೂ ಬರೆದದ್ದು ಸಾಕು. ಉಸಿರಾಡುವ, ನೋಯುವ, ಪ್ರೀತಿಸುವ ಜೀವಂತ ಮನುಷ್ಯರನ್ನು ಬರೆಯಬೇಕು ಎಂಬುದು ಒಂದು. ತಾನು ಬರೆಯುವುದು ಈಗ ಕಾಣುತ್ತಿರುವುದನ್ನಲ್ಲ, ಹಿಂದೆ ಕಂಡದ್ದನ್ನು ಎಂಬುದು ಇನ್ನೊಂದು. ಎರಡನೆಯ ಮಾತಿನ ತೂಕವನ್ನು ತಿಳಿಯಬೇಕಾದರೆ ಅಂದಿನ ಪ್ಯಾರಿಸ್ಸನ್ನು ನೆನೆಯಬೇಕು. ಕ್ಲೋದ್ ಮೊನೆ ಮೊದಲಾದವರು ಬಯಲಿನಲ್ಲಿ ಚಿತ್ರದ ಚೌಕಟ್ಟನ್ನು ನಿಲ್ಲಿಸಿ, ಆ ಗಳಿಗೆಯ ಬೆಳಕು ಜಾರಿಹೋಗುವ ಮೊದಲೇ ಅದನ್ನು ಹಿಡಿಯುತ್ತಿದ್ದ ಕಾಲ ಅದು. ಅವರಿಗೆ ಸತ್ಯವಿದ್ದದ್ದು ಕಣ್ಣಿನ ಮುಂದಣ ಕ್ಷಣದಲ್ಲಿ. ಮುಂಕ್ ಆ ಕ್ಷಣ ಕಳೆಯಲಿ ಎಂದು ಕಾದನು. ಕಳೆದ ಮೇಲೆ ನೆನಪಿನಲ್ಲಿ ಏನು ಉಳಿಯುತ್ತದೆಯೋ ಅದನ್ನೇ ಬರೆದನು. ನೆನಪು ಬಿಟ್ಟುಕೊಟ್ಟ ವಿವರವನ್ನು ತಾನೂ ಬಿಟ್ಟನು. ಅವನ ಚಿತ್ರಗಳಲ್ಲಿ ಅಂಗಿಯ ಗುಂಡಿಗಳೂ ಮರದ ಎಲೆಗಳೂ ಕಾಣದಿರುವುದಕ್ಕೆ ಇದು ಕಾರಣ. ತೀರಾ ನೊಂದ ದಿನವೊಂದನ್ನು ನಾವು ನೆನೆದುಕೊಂಡರೆ ನಮಗೂ ಒಂದು ಬಾಗಿಲ ಬಣ್ಣ, ಒಂದು ಗೋಡೆಯ ನೆರಳು ಕಾಣುತ್ತದೆ, ಉಳಿದದ್ದು ಮಸುಕು.

ಕ್ರಿಸ್ಟಿಯಾನಿಯಾದಿಂದ ದಕ್ಷಿಣಕ್ಕೆ, ಕೊಲ್ಲಿಯ ಪಡುವಣ ದಡದಲ್ಲಿ ಓಸ್ಗೋರ್ಡ್‌ಸ್ಟ್ರಾಂಡ್ ಎಂಬ ಬೆಸ್ತರ ಸಣ್ಣ ಊರಿದೆ. ಮುಂಕ್ ಬೇಸಗೆಗಳಲ್ಲಿ ಅಲ್ಲಿಗೆ ಹೋಗತೊಡಗಿ, 1898ರಲ್ಲಿ ಒಂದು ಪುಟ್ಟ ಮನೆಯನ್ನು ಕೊಂಡನು. ಆ ಊರಿನ ದಡ ಒಂದು ಬಗೆಯಾಗಿ ಬಳುಕುತ್ತ ಹೋಗುತ್ತದೆ. ಅಲ್ಲಲ್ಲಿ ದುಂಡನೆಯ ಬಂಡೆಗಳು. ಉತ್ತರದ ಬೇಸಗೆಯ ರಾತ್ರಿಗೆ ಪೂರ್ತಿ ಕತ್ತಲೆಯಿಲ್ಲ. ಆ ನಸುಬೆಳಕಿನಲ್ಲಿ ಚಂದ್ರನ ಪ್ರತಿಬಿಂಬ ನೀರಿನ ಮೇಲೆ ಒಂದು ಕಂಬದಂತೆ ನಿಲ್ಲುತ್ತದೆ. ಈ ದಡ, ಈ ಬಂಡೆಗಳು, ಈ ಚಂದ್ರಕಂಬ ಅವನ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಬರ್ಲಿನ್ನಿನಲ್ಲಿದ್ದಾಗಲೂ ಪ್ಯಾರಿಸ್ಸಿನಲ್ಲಿದ್ದಾಗಲೂ ಅವನು ಬರೆದದ್ದು ಅದೇ ದಡವನ್ನು. ‘ವಿಷಾದ’ ಎಂಬ ಚಿತ್ರದಲ್ಲಿ ಒಬ್ಬ ಗಂಡಸು ಮುಂಭಾಗದಲ್ಲಿ ಗಲ್ಲಕ್ಕೆ ಕೈಕೊಟ್ಟು ಕುಳಿತಿದ್ದಾನೆ. ಅವನು ಮುಂಕನ ಗೆಳೆಯ, ಲೇಖಕ ಯಾಪೆ ನಿಲ್ಸನ್. ಪರಸ್ತ್ರೀಯೊಬ್ಬಳಲ್ಲಿ ಕೈಗೂಡದ ಪ್ರೇಮ ಅವನದು. ದೂರದಲ್ಲಿ ದೋಣಿಯ ಕಡೆ ಹೋಗುತ್ತಿರುವ ಸಣ್ಣ ಆಕೃತಿಗಳು. ಅವನ ತಲೆಯ ಹಿಂದಿನಿಂದ ಹೊರಟ ದಡದ ಗೆರೆ ಬಳುಕಿ ಬಳುಕಿ ಅವರವರೆಗೂ ಹೋಗುತ್ತದೆ. ಅವನು ಏನನ್ನು ಯೋಚಿಸುತ್ತಿದ್ದಾನೆಂದು ಮುಖ ಹೇಳುವುದಿಲ್ಲ, ದಡ ಹೇಳುತ್ತದೆ.

ನಮ್ಮ ಅಲಂಕಾರಶಾಸ್ತ್ರದಲ್ಲಿ ಬೆಳದಿಂಗಳು, ತಂಗಾಳಿ, ಕೋಗಿಲೆಯ ದನಿ ಇವೆಲ್ಲ ಉದ್ದೀಪನ ವಿಭಾವಗಳು. ಭಾವಕ್ಕೆ ಆಲಂಬನವಾಗುವವರು ನಾಯಕ ನಾಯಿಕೆಯರು. ನಿಸರ್ಗವು ಆ ಭಾವವನ್ನು ಕೆರಳಿಸುವ ಪರಿಕರ. ತರಗತಿಯಲ್ಲಿ ಈ ಪಾಠವನ್ನು ಹೇಳುವಾಗಲೆಲ್ಲ ನನಗೆ ಮುಂಕನ ಕಡಲದಡ ನೆನಪಿಗೆ ಬರುತ್ತದೆ. ಅಲ್ಲಿ ಆಲಂಬನ ಯಾವುದು, ಉದ್ದೀಪನ ಯಾವುದು ಎಂದು ಬಿಡಿಸಿ ಹೇಳಲಾಗುವುದಿಲ್ಲ. ಮನುಷ್ಯನ ಅಳಲು ನಿಸರ್ಗಕ್ಕೆ ಇಳಿದಿದೆಯೋ, ನಿಸರ್ಗವೇ ಮನುಷ್ಯನೊಳಗೆ ಹೊಕ್ಕಿದೆಯೋ ತಿಳಿಯದು. ಒಮ್ಮೆ ಬಿ.ಎ. ವಿದ್ಯಾರ್ಥಿಗಳಿಗೆ ‘ಚೀತ್ಕಾರ’ದ ಅಚ್ಚುಪ್ರತಿಯನ್ನು ತೋರಿಸಿ, ಕೂಗುತ್ತಿರುವವರು ಯಾರೆಂದು ಕೇಳಿದೆ. ಎಲ್ಲರೂ ಮುಂಭಾಗದ ಆಕೃತಿಯನ್ನೇ ತೋರಿಸಿದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ, “ಕೂಗೋವರು ಯಾಕೆ ಸಾರ್ ಕಿವಿ ಮುಚ್ಚಿಕೋತಾರೆ?” ಎಂದಳು. ಆ ಪ್ರಶ್ನೆಯಲ್ಲಿ ಚಿತ್ರದ ಬೀಗದ ಕೈ ಇದೆ.

ಆ ಚಿತ್ರ ಹುಟ್ಟಿದ ಬಗೆಯನ್ನು ಮುಂಕನ ದಿನಚರಿಯಿಂದಲೇ ತಿಳಿಯಬಹುದು. ಕ್ರಿಸ್ಟಿಯಾನಿಯಾದ ಅಂಚಿನ ಎಕೆಬರ್ಗ್ ಗುಡ್ಡದ ಹಾದಿಯಲ್ಲಿ ಇಬ್ಬರು ಗೆಳೆಯರೊಡನೆ ಅವನು ಸಂಜೆ ನಡೆದು ಹೋಗುತ್ತಿದ್ದನು. ಸೂರ್ಯ ಮುಳುಗುತ್ತಲೇ ಆಕಾಶ ನೆತ್ತರಿನ ಬಣ್ಣಕ್ಕೆ ತಿರುಗಿತು. ತೀರ ಬಳಲಿ ಅವನು ಕಟಕಟೆಗೆ ಒರಗಿ ನಿಂತನು. ಗೆಳೆಯರು ಮುಂದೆ ನಡೆದರು. ನಡುಗುತ್ತ ನಿಂತ ಅವನಿಗೆ ನಿಸರ್ಗವನ್ನೇ ಸೀಳಿಕೊಂಡು ಹೋಗುವ ಒಂದು ಕೊನೆಯಿಲ್ಲದ ಚೀತ್ಕಾರದ ಅನುಭವವಾಯಿತು. ಅಂದರೆ ಕೂಗಿದ್ದು ನಿಸರ್ಗ; ಆಕೃತಿ ಅದನ್ನು ಕೇಳಲಾರದೆ ಕಿವಿ ಮುಚ್ಚಿಕೊಂಡಿದೆ. 1895ರಲ್ಲಿ ಇದರ ಕಲ್ಲಚ್ಚಿನ ಪ್ರತಿಯನ್ನು ತೆಗೆದಾಗ ಅದರ ಕೆಳಗೆ ಇದೇ ಅರ್ಥದ ಮಾತನ್ನು ಮುಂಕ್ ಜರ್ಮನ್ ಭಾಷೆಯಲ್ಲಿ ಸೇರಿಸಿದ್ದಾನೆ.

ಈ ದಿನಚರಿಯ ಟಿಪ್ಪಣಿಯನ್ನು ಅವನು ಬರೆದದ್ದು ಎಕೆಬರ್ಗಿನಲ್ಲಲ್ಲ. 1892ರ ಜನವರಿಯಲ್ಲಿ, ಫ್ರಾನ್ಸಿನ ದಕ್ಷಿಣ ತೀರದ ನೀಸ್ ನಗರದಲ್ಲಿ. ಅದೇ ವರ್ಷ ‘ಹತಾಶೆ’ ಎಂಬ ಚಿತ್ರದಲ್ಲಿ ಮೊದಲ ಸಲ ಅದನ್ನು ರೂಪಿಸಿದನು. ಅಲ್ಲಿ ಟೋಪಿಯಿಟ್ಟ ಒಬ್ಬ ಗಂಡಸು ಕಟಕಟೆಯ ಬಳಿ ತಲೆ ತಗ್ಗಿಸಿ ನಿಂತಿದ್ದಾನೆ, ಅಷ್ಟೆ. ಅದು ಅವನಿಗೆ ಸಾಲದೆ ಹೋಯಿತು. 1893ರಲ್ಲಿ ಆ ಗಂಡಸಿನ ಟೋಪಿ, ವಯಸ್ಸು, ಲಿಂಗ ಎಲ್ಲವನ್ನೂ ಅಳಿಸಿ, ಅವನನ್ನು ನಮ್ಮ ಕಡೆಗೆ ತಿರುಗಿಸಿ ನಿಲ್ಲಿಸಿದನು. 1883ರಲ್ಲಿ ಪೂರ್ವದ್ವೀಪಗಳ ಕ್ರಾಕಟೋವ ಅಗ್ನಿಪರ್ವತ ಸ್ಫೋಟಿಸಿ, ಅದರ ಧೂಳಿನಿಂದ ಯೂರೋಪಿನ ಸಂಜೆಗಳು ಬಹುಕಾಲ ಕೆಂಪೇರಿದ್ದುವು. ಮುಂಕ್ ಕಂಡದ್ದು ಆ ಕೆಂಪನ್ನೇ ಎಂದು ಕೆಲವು ವಿಜ್ಞಾನಿಗಳ ವಾದ. ಚಳಿಗಾಲದಲ್ಲಿ ಬಹು ಎತ್ತರದಲ್ಲಿ ಮೂಡುವ ಮುತ್ತಿನ ಬಣ್ಣದ ಮೋಡಗಳು ಅವು ಎಂದು ಇನ್ನು ಕೆಲವರ ವಾದ. ಯಾವುದು ನಿಜವಾದರೂ ಆಗಲಿ, ಆ ವಿವಾದದಿಂದ ನಮಗೆ ಒಂದು ಉಪಕಾರವಾಗುತ್ತದೆ. ಕ್ರಾಕಟೋವದ ವಾದವನ್ನು ಒಪ್ಪಿದರೆ, ಕಂಡದ್ದಕ್ಕೂ ಬರೆದದ್ದಕ್ಕೂ ನಡುವೆ ಸುಮಾರು ಹತ್ತು ವರ್ಷಗಳ ಅಂತರ. ಹತ್ತು ವರ್ಷ ಒಳಗೇ ಇಟ್ಟು ಕಾಯಿಸಿದ ಆಕಾಶ ಅದು!

ಈ ನಡುವೆ 1892ರ ನವೆಂಬರಿನಲ್ಲಿ ಬರ್ಲಿನ್ನಿನ ಕಲಾವಿದರ ಸಂಘವು ಮುಂಕನನ್ನು ಪ್ರದರ್ಶನಕ್ಕೆ ಆಹ್ವಾನಿಸಿತು. ನಾರ್ವೆಯಿಂದ ಸೊಗಸಾದ ಕೊಲ್ಲಿ ಬೆಟ್ಟಗಳ ದೃಶ್ಯಗಳು ಬರುತ್ತವೆಂದು ಅವರು ಎಣಿಸಿದ್ದಿರಬೇಕು. ಬಂದದ್ದು ‘ರೋಗಿಷ್ಠ ಬಾಲಕಿ’ ಮೊದಲಾದ 55 ಚಿತ್ರಗಳು. ಹಿರಿಯರು ಕೆರಳಿದರು, ಸಭೆ ಸೇರಿ ಮತ ಹಾಕಿದರು. 105ಕ್ಕೆ 120 ಮತಗಳಿಂದ, ತೆರೆದು ಒಂದು ವಾರವಾಗುವಷ್ಟರಲ್ಲಿ ಪ್ರದರ್ಶನ ಮುಚ್ಚಿತು. ಇದರಿಂದ ಮುಂಕ್ ಎದೆಗುಂದಲಿಲ್ಲ. ಇದಕ್ಕಿಂತ ಒಳ್ಳೆಯ ಪ್ರಚಾರ ಬೇರೆ ಬೇಕೆ ಎಂಬರ್ಥದಲ್ಲಿ ಮನೆಗೆ ಕಾಗದ ಬರೆದನು. ಬರ್ಲಿನ್ನಿನಲ್ಲಿಯೇ ನೆಲೆ ಮಾಡಿದನು. ‘ಚೀತ್ಕಾರ’ವೂ ಅದರ ಒಡನಾಡಿ ಚಿತ್ರಗಳೂ ಮೊದಲು ಪ್ರದರ್ಶಿತವಾದದ್ದು ಅಲ್ಲಿಯೇ.

ಅನ್ಯರ ಊರಿನಲ್ಲಿ ಬೈಗುಳ ತಿಂದು ನಕ್ಕವನಿಗೆ ಸ್ವಂತ ಊರಿನ ಮಾತು ನಾಟಿತು. 1895ರ ಅಕ್ಟೋಬರಿನಲ್ಲಿ ಅವನ ಚಿತ್ರಗಳು ಕ್ರಿಸ್ಟಿಯಾನಿಯಾದಲ್ಲಿ ಪ್ರದರ್ಶಿತವಾದುವು. ಊರೆಲ್ಲ ಗಲಭೆ. ವಿದ್ಯಾರ್ಥಿಗಳ ಸಂಘದಲ್ಲಿ ಅವನ ಕಲೆಯ ಮೇಲೆ ಚರ್ಚಾಕೂಟ ನಡೆಯಿತು. ಯೋಹಾನ್ ಷಾರ್ಫೆನ್‌ಬರ್ಗ್ ಎಂಬ ವೈದ್ಯವಿದ್ಯಾರ್ಥಿ, ಮುಂದೆ ಹೆಸರಾಂತ ಮನೋವೈದ್ಯನಾದವನು, ಎದ್ದು ನಿಂತು, ಮುಂಕ್ ಹುಚ್ಚಿನ ವಂಶದಿಂದ ಬಂದವನು, ಆದಕಾರಣ ಅವನ ಮನಸ್ಸು ಸ್ವಸ್ಥವಲ್ಲ, ಆದಕಾರಣ ಅವನ ಕಲೆಯೂ ಸ್ವಸ್ಥವಲ್ಲ ಎಂದು ವಾದಿಸಿದನು. ಮನೆಯಲ್ಲಿ ಲಾರಾಳಂಥ ತಂಗಿ. ತನಗೂ ಆ ಗತಿ ಬಂದೀತೆಂದು ಒಳಗೊಳಗೇ ಅಂಜುತ್ತಿದ್ದ ಮೂವತ್ತೊಂದು ವರ್ಷದ ತರುಣ. ಅವನ ಒಳಗಿನ ಭಯವನ್ನು ಊರು ಗಟ್ಟಿಯಾಗಿ ಓದಿ ಹೇಳಿದಂತಾಯಿತು. ಹತ್ತಾರು ವರ್ಷಗಳ ಮೇಲೂ ಅವನು ಆ ಸಭೆಯ ಮಾತನ್ನು ಮರೆಯಲಿಲ್ಲ.

ಪೆನ್ಸಿಲಿನ ಸಾಲಿಗೆ ಈಗ ಮರಳಬಹುದು. 2021ರಲ್ಲಿ ಓಸ್ಲೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದವರು ಅದನ್ನು ಅವಕೆಂಪು ಕಿರಣಗಳ ನೆರವಿನಿಂದ ಛಾಯಾಚಿತ್ರ ತೆಗೆದು, ಮುಂಕನ ದಿನಚರಿ ಮತ್ತು ಪತ್ರಗಳ ಕೈಬರಹದೊಡನೆ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿದರು. ಅದು ಮುಂಕನದೇ ಕೈ. 1895ರ ಆ ಪ್ರದರ್ಶನದ ವೇಳೆಗೋ ಅದರ ತರುವಾಯವೋ ಬರೆದಿರಬೇಕೆಂದು ಅವರ ಊಹೆ.

ತನ್ನ ಚಿತ್ರದ ಮೇಲೆ ತಾನೇ ಹಾಗೆ ಏಕೆ ಬರೆದನು? ಕಹಿಯ ನಗೆಯೆ, ಒಪ್ಪಿಗೆಯೆ? ಎರಡೂ ಇರಬಹುದೆಂದು ನನ್ನ ಎಣಿಕೆ. ಆದರೆ ಆ ಬರಹದ ಗಾತ್ರವನ್ನು ಗಮನಿಸಬೇಕು. ಅದು ಬಹಳ ಸಣ್ಣದು. ಹತ್ತಿರ ಹೋಗಿ ಹುಡುಕಿದವನಿಗಷ್ಟೇ ಕಾಣುವಂಥದು. ಚಿತ್ರವನ್ನು ಕೆಡಿಸುವ ಉದ್ದೇಶ ಅದರಲ್ಲಿಲ್ಲ. ಬಣ್ಣ ಒಣಗಿದ ಮೇಲೆ, ಮಂದಿಯ ಮಾತನ್ನು ಕೇಳಿದ ಮೇಲೆ, ಸ್ಥಿರವಾದ ಕೈಯಿಂದ ಅದನ್ನು ಬರೆದಿದ್ದಾನೆ. ಊರು ತನಗೆ ಕೊಟ್ಟ ಹೆಸರನ್ನೂ ಅವನು ತನ್ನ ಇತರ ನೆನಪುಗಳಂತೆಯೇ ಎತ್ತಿಕೊಂಡು ಆ ಆಕಾಶಕ್ಕೆ ಸೇರಿಸಿಬಿಟ್ಟನು. ಹುಚ್ಚನಿಗೆ ತನ್ನ ಹುಚ್ಚನ್ನು ಇಷ್ಟು ದೂರದಲ್ಲಿಟ್ಟು ನೋಡುವ ಬಿಡುವಿರುತ್ತದೆಯೆ?

ಅವನ ಮರದಚ್ಚಿನ ಕೆಲಸವನ್ನು ನೋಡಿದರೂ ಇದೇ ತೋರುತ್ತದೆ. ಮರದ ಹಲಗೆಯ ಮೇಲೆ ಚಿತ್ರವನ್ನು ಕೆತ್ತಿ, ಆ ಹಲಗೆಯನ್ನೇ ಸಣ್ಣ ಗರಗಸದಿಂದ ತುಂಡು ತುಂಡಾಗಿ ಕೊಯ್ಯುತ್ತಿದ್ದನು. ಕಡಲು ಒಂದು ತುಂಡು, ದಡ ಒಂದು ತುಂಡು, ದಡದ ಮೇಲೆ ಬೆನ್ನು ತಿರುಗಿಸಿ ನಿಂತ ಹೆಂಗಸು ಇನ್ನೊಂದು. ಒಂದೊಂದಕ್ಕೂ ಬೇರೆ ಬೇರೆ ಶಾಯಿ ಬಳಿದು, ಮತ್ತೆ ಜೋಡಿಸಿ ಒಂದೇ ಸಲಕ್ಕೆ ಅಚ್ಚೊತ್ತುವುದು. ಹೀಗೆ ಒಂದೇ ದಡ ಒಮ್ಮೆ ನಡುಹಗಲಿನದಾಗಿ, ಒಮ್ಮೆ ನಡುರಾತ್ರಿಯದಾಗಿ ಬರುತ್ತದೆ. ತುಂಡುಗಳು ಸೇರುವ ಕಡೆ ಒಂದು ಬಿಳಿಯ ಗೆರೆ ಉಳಿಯುತ್ತದೆ. ಅದನ್ನು ಅವನು ಮುಚ್ಚಲಿಲ್ಲ. ಅಕ್ಕಪಕ್ಕದಲ್ಲಿ ನಿಂತ ಗಂಡುಹೆಣ್ಣಿನ ನಡುವಣ ಆ ಗೆರೆಗೆ ವ್ಯಾಖ್ಯಾನ ಬೇಕಾಗಿಲ್ಲ.

ಇಷ್ಟೆಲ್ಲ ಹೇಳಿ, ಅವನ ಮನಸ್ಸು ಎಂದೂ ಕದಡಲಿಲ್ಲವೆಂದರೆ ಇತಿಹಾಸಕ್ಕೆ ಅಪಚಾರವಾಗುತ್ತದೆ. 1902ರಲ್ಲಿ ಪ್ರೇಮಪ್ರಕರಣವೊಂದು ಪಿಸ್ತೂಲಿನ ಗುಂಡಿನಲ್ಲಿ ಮುಗಿದು, ಅವನ ಎಡಗೈಯ ಬೆರಳೊಂದು ಊನವಾಯಿತು. ಕುಡಿತ ಹೆಚ್ಚಿತು. 1908ರ ಶರತ್ಕಾಲದಲ್ಲಿ ಕಿವಿಗೆ ಇಲ್ಲದ ದನಿಗಳು ಕೇಳಿಸತೊಡಗಿ, ಕೋಪನ್‌ಹೇಗನ್ನಿನ ಡಾಕ್ಟರ್ ಡೇನಿಯಲ್ ಯಾಕೋಬ್‌ಸನ್ನನ ಚಿಕಿತ್ಸಾಲಯಕ್ಕೆ ತಾನಾಗಿಯೇ ಹೋಗಿ ಸೇರಿದನು. ಸುಮಾರು ಎಂಟು ತಿಂಗಳು ಅಲ್ಲಿದ್ದು, 1909ರಲ್ಲಿ ಗುಣವಾಗಿ, ಕುಡಿತ ಬಿಟ್ಟು, ನಾರ್ವೆಗೆ ಮರಳಿದನು.

ಹುಚ್ಚೇ ಕಲೆಯ ಬೇರಾಗಿದ್ದರೆ ಇಲ್ಲಿಗೆ ಕಥೆ ಮುಗಿಯಬೇಕಿತ್ತು. ನಡೆದದ್ದು ಬೇರೆ. ಕ್ರಾಗೆರೋ ಎಂಬ ಕಡಲೂರಿನಲ್ಲಿ ಮನೆ ಹಿಡಿದು, ಬಯಲಿನಲ್ಲಿಯೇ ಚಿತ್ರಶಾಲೆ ಕಟ್ಟಿಕೊಂಡು, ಕ್ರಿಸ್ಟಿಯಾನಿಯಾ ವಿಶ್ವವಿದ್ಯಾನಿಲಯದ ಸಭಾಭವನಕ್ಕಾಗಿ ಭಾರಿ ಚಿತ್ರಗಳನ್ನು ಬರೆಯತೊಡಗಿದನು. ಹನ್ನೊಂದು ಚಿತ್ರಗಳು 1916ರಲ್ಲಿ ಆ ಭವನದ ಗೋಡೆಗಳನ್ನೇರಿದುವು. ನಡುವಣದು ‘ಸೂರ್ಯ’: ಅಗಲ ಇಪ್ಪತ್ತೈದು ಅಡಿಗೂ ಮಿಗಿಲು. ಬಂಡೆಗಳ ದಡ, ಕಡಲು, ಕಡಲಿನ ಮೇಲಿಂದ ಏಳುವ ಸೂರ್ಯನ ಕಿರಣಗಳು ಚಿತ್ರದ ಅಂಚುಗಳವರೆಗೂ ಚಿಮ್ಮಿವೆ. ಮನುಷ್ಯಾಕೃತಿಯೇ ಇಲ್ಲ. ಮತ್ತೆ ಅದೇ ನಾರ್ವೆಯ ದಡವೇ. ಮತ್ತೆ ನೀರಿನ ಮೇಲೆ ನಿಂತ ಬೆಳಕಿನ ಕಂಬವೇ. ಚಂದ್ರನಿದ್ದ ಕಡೆ ಸೂರ್ಯ ಬಂದಿದ್ದಾನೆ. ಎಕೆಬರ್ಗಿನ ಸಂಜೆಯನ್ನು ಬರೆದ ಕೈಯೇ ಈ ಬೆಳಗನ್ನೂ ಬರೆಯಿತು. ಎರಡನ್ನೂ ಬರೆಸಿದ್ದು, ಕಂಡದ್ದನ್ನು ಬಿಡದೆ ಒಳಗೆ ಉಳಿಸಿಕೊಂಡು ಅದರ ತಿರುಳು ಕಾಣುವವರೆಗೂ ದುಡಿಯುವ ಒಂದೇ ಶ್ರದ್ಧೆ. ಅವನ ಹಿಂದಿನ ಚಿತ್ರಗಳನ್ನಷ್ಟೇ ಹೊಗಳಿ, ಗುಣವಾದ ಮೇಲಿನವು ಸಪ್ಪೆ ಎನ್ನುವ ವಿಮರ್ಶಕರಿದ್ದಾರೆ. ಕಲಾವಿದನು ನರಳುತ್ತಿರಬೇಕು, ನಾವು ಸವಿಯುತ್ತಿರಬೇಕು ಎಂಬ ಈ ನಿಲುವು ನನಗೆ ಒಪ್ಪಿಗೆಯಿಲ್ಲ.

1916ರಲ್ಲಿ ರಾಜಧಾನಿಯ ಹೊರಗೆ ಎಕೆಲಿ ಎಂಬ ತೋಟದ ಮನೆಯನ್ನು ಕೊಂಡು, ಉಳಿದ ಇಪ್ಪತ್ತೆಂಟು ವರ್ಷ ಒಂಟಿಯಾಗಿ ಅಲ್ಲಿ ದುಡಿದನು. ಚಿತ್ರಗಳನ್ನು ಮಳೆ ಹಿಮಗಳಲ್ಲಿ ಬಯಲಿಗೇ ಬಿಡುತ್ತಿದ್ದನು. ತಾಳಿ ಉಳಿದವು ಉಳಿಯಲಿ ಎಂದು. 1930ರಲ್ಲಿ ಬಲಗಣ್ಣಿನೊಳಗೆ ರಕ್ತಸ್ರಾವವಾಗಿ ದೃಷ್ಟಿಗೆ ಅಡ್ಡವಾಗಿ ಕಪ್ಪು ಕಲೆಗಳು ತೇಲತೊಡಗಿದುವು. ಅರುವತ್ತಾರು ವರ್ಷದ ಮುದುಕ ಹೆದರಿ ಕೂರಲಿಲ್ಲ. ಆ ಕಲೆಗಳ ಆಕಾರವನ್ನೇ, ಹಕ್ಕಿಯಂತೆ ಕಂಡ ಒಂದು ನೆರಳನ್ನೇ, ಕಾಗದದ ಮೇಲೆ ಬರೆದಿಟ್ಟನು. 1937ರಲ್ಲಿ ಜರ್ಮನಿಯ ನಾಜಿ ಸರಕಾರವು ಅಲ್ಲಿನ ಸಂಗ್ರಹಾಲಯಗಳಲ್ಲಿದ್ದ ಅವನ 82 ಕೃತಿಗಳನ್ನು ‘ಪತಿತ ಕಲೆ’ ಎಂದು ಜಪ್ತಿ ಮಾಡಿತು. 1895ರ ಚರ್ಚಾಕೂಟದಲ್ಲಿ ತರುಣನೊಬ್ಬನ ಬಾಯಲ್ಲಿ ಕೇಳಿದ ತರ್ಕ ಈಗ ರಾಜಶಾಸನವಾಗಿತ್ತು. ಕಲೆಯನ್ನು ರೋಗವೆಂದು ಕರೆಯುವ ಮಾತು ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಡ.

1940ರಲ್ಲಿ ನಾಜಿಗಳು ನಾರ್ವೆಯನ್ನೂ ಆಕ್ರಮಿಸಿದರು. ಅದೇ ವರ್ಷ ಮುಂಕ್ ಉಯಿಲು ಬರೆದು, ತನ್ನ ಬಳಿಯಿದ್ದುದೆಲ್ಲವನ್ನೂ ಓಸ್ಲೋ ನಗರಕ್ಕೆ ಕೊಟ್ಟನು: ಸುಮಾರು 1,100 ವರ್ಣಚಿತ್ರಗಳು, ಸಾವಿರಗಟ್ಟಲೆ ಅಚ್ಚುಚಿತ್ರಗಳು ಮತ್ತು ರೇಖಾಚಿತ್ರಗಳು. ತನ್ನನ್ನು ಹುಚ್ಚನೆಂದ ಊರಿಗೇ ಈ ಕೊಡುಗೆ. 1944ರ ಜನವರಿ 23ರಂದು, ಎಂಬತ್ತು ತುಂಬಿದ ಮರುತಿಂಗಳು, ಅವನು ಎಕೆಲಿಯಲ್ಲಿ ತೀರಿಕೊಂಡನು. ಅವನ ಹೆಸರಿನ ವಸ್ತುಸಂಗ್ರಹಾಲಯವನ್ನು ನಗರವು 1963ರಲ್ಲಿ ಕಟ್ಟಿತು. 2021ರಲ್ಲಿ ಅದು ಕಡಲಂಚಿನ ದೊಡ್ಡ ಕಟ್ಟಡಕ್ಕೆ ಸ್ಥಳಾಂತರವಾಯಿತು.

ಕೊನೆಯ ವರ್ಷಗಳಲ್ಲಿ ಅವನು ಬರೆದ ಒಂದು ಆತ್ಮಚಿತ್ರವಿದೆ. ಒಂದು ಕಡೆ ನಿಲುವು ಗಡಿಯಾರ, ಅದಕ್ಕೆ ಮುಳ್ಳುಗಳಿಲ್ಲ. ಇನ್ನೊಂದು ಕಡೆ ಮಂಚ. ಅದು ಯಾವುದಕ್ಕೆ ಕಾದಿದೆಯೆಂದು ಹೇಳಬೇಕಾಗಿಲ್ಲ. ಎರಡರ ನಡುವೆ ಮುದುಕನು ಕೈ ಇಳಿಬಿಟ್ಟು ನೆಟ್ಟಗೆ ನಿಂತಿದ್ದಾನೆ. ಅವನ ಬೆನ್ನ ಹಿಂದೆ ಬಾಗಿಲು ತೆರೆದಿದೆ. ಒಳಕೋಣೆಯಲ್ಲಿ ಹಳದಿಯ ಬೆಳಕು, ಗೋಡೆಯ ತುಂಬ ಅವನು ಬರೆದ ಚಿತ್ರಗಳು.